ಅಜ್ಜಿಯ ಸ್ಟೇಟಸ್ಸು

ಈ ವಾರ ನನ್ನ ಕಾನೂನಿನ ಕ್ಲಾಸಿನಲ್ಲಿ ಒಬ್ಬ ಅಜ್ಜಿ ಮತ್ತೊಮ್ಮೆ ಸೋತರು. ಅವರು ನಿಜವಾಗಿ ಸೋತದ್ದು 2020ರಲ್ಲಿ, ನೆದರ್‌ಲ್ಯಾಂಡ್ಸ್‌ನ ಗೆಲ್ಡರ್‌ಲ್ಯಾಂಡ್ ಪ್ರಾಂತ್ಯದ ಕೋರ್ಟಿನಲ್ಲಿ. ಮೊಮ್ಮಕ್ಕಳ ಫೋಟೋ ಫೇಸ್‌ಬುಕ್ಕಿಗೆ ಹಾಕಿದ್ದರು. ಮಗಳು ತೆಗಿ ಅಂದಳು, ಅಮ್ಮ ತೆಗೆಯಲಿಲ್ಲ, ಮಗಳು ಕೋರ್ಟಿಗೆ ಹೋದಳು. ಫೋಟೋ ತೆಗೆಯದಿದ್ದರೆ ದಿನಕ್ಕೆ 50 ಯೂರೋ, ಒಟ್ಟು 1,000 ಯೂರೋ ತನಕ ದಂಡ ಎಂದು ತೀರ್ಪಾಯಿತು. ಹಿರಿಯ ಮೊಮ್ಮಗ ಹಲವು ವರ್ಷ ಅದೇ ಅಜ್ಜಿಯ ಮನೆಯಲ್ಲಿ ಬೆಳೆದವನು. ಆದರೆ ಅಕ್ಕರೆ ಎಷ್ಟೇ ಇರಲಿ, ಅದಕ್ಕೆ ಯುರೋಪಿನ ಮಾಹಿತಿ ರಕ್ಷಣಾ ಕಾನೂನಾದ ಜಿಡಿಪಿಆರ್‌ನಲ್ಲಿ ವಿನಾಯಿತಿ ಇಲ್ಲ.

ಪ್ರತಿ ವರ್ಷ ಈ ಪಾಠ ಮಾಡುವಾಗ ಡಚ್ ಹುಡುಗರು ಮಗಳ ಕಡೆ, ಇಟಲಿ, ಗ್ರೀಸ್‌ನವರು ಅಜ್ಜಿಯ ಕಡೆ. ನಾನು ತಕ್ಕಡಿ ಹಿಡಿದ ಮುಖ ಮಾಡಿಕೊಂಡು ನಿಂತಿರುತ್ತೇನೆ. ಈ ಸಲ ಆ ಮುಖ ಸ್ವಲ್ಪ ಕಷ್ಟವಾಯಿತು. ಯಾಕೆಂದರೆ ಹಿಂದಿನ ಭಾನುವಾರವಷ್ಟೇ ನಮ್ಮ ಮನೆಯಲ್ಲೂ ಇದೇ ಮೊಕದ್ದಮೆ ದಾಖಲಾಗಿತ್ತು.

ಬೇಸಿಗೆ ರಜೆಗೆ ಸಾಗರಕ್ಕೆ ಹೋಗಿದ್ದಾಗ ಅಮ್ಮ ತೆಗೆದ ಫೋಟೋ. ತಲೆ ತುಂಬ ಹರಳೆಣ್ಣೆ ಮೆತ್ತಿಕೊಂಡು, ಬಾಯಿ ಬಿಟ್ಟುಕೊಂಡು, ಜಗಲಿಯಲ್ಲಿ ಮಲಗಿರುವ ನನ್ನ ಮಗಳು. ಅದನ್ನು ಅಮ್ಮ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕಿದ್ದರು, "ನನ್ನ ಬಂಗಾರ" ಅಂತ ಬರೆದು. ನನ್ನ ಫೋನಿನಲ್ಲಿ ಅದನ್ನು ನೋಡಿದ ಮಗಳು ವಿಡಿಯೋ ಕಾಲಿನಲ್ಲಿ ನೇರವಾಗಿ ಕೇಳಿದಳು: "ಅಜ್ಜಿ, ಹಾಕೋ ಮುಂಚೆ ನನ್ನನ್ನ ಯಾಕೆ ಕೇಳ್ಲಿಲ್ಲ?"

ಅಮ್ಮ ಮೊದಲು ನಕ್ಕರು. ಮಗು ನಗಲಿಲ್ಲ. "ನನ್ನ ಮೊಮ್ಮಗಳ ಫೋಟೋ ಹಾಕಕ್ಕೆ ನಂಗೆ ಅಪ್ಪಣೆ ಬೇಕಾ?" ಅಂದರು ಅಮ್ಮ, ನನ್ನ ಕಡೆ ನೋಡಿ. ಒಲೆ ಮೇಲೆ ಹಾಲಿಟ್ಟಿದೀನಿ ಅಂತ ಫೋನಿಟ್ಟರು. ಸಂಜೆ ಆ ಹೊತ್ತಿಗೆ ಅಮ್ಮ ಹಾಲು ಕಾಯಿಸುವುದಿಲ್ಲ.

ನಾನು ಮಗಳಿಗೆ ಮೇಷ್ಟರ ಧಾಟಿಯಲ್ಲಿ ವಿವರಿಸಿದೆ. ಮನೆಮಟ್ಟಿಗೆ, ಸ್ವಂತಕ್ಕೆ ಮಾಡುವ ಕೆಲಸ ಯುರೋಪಿನ ಕಾನೂನಿಗೂ ಹೊರಗು, ನಮ್ಮ ದೇಶದ 2023ರ ಮಾಹಿತಿ ರಕ್ಷಣಾ ಕಾಯ್ದೆಗೂ ಹೊರಗು. ಗೆಲ್ಡರ್‌ಲ್ಯಾಂಡಿನ ಅಜ್ಜಿ ಸಿಕ್ಕಿಬಿದ್ದದ್ದು ಆ ಫೇಸ್‌ಬುಕ್ ಖಾತೆ ಹೊರಗಿನವರಿಗೂ ಕಾಣುತ್ತಿರಬಹುದು ಎಂಬ ಕಾರಣಕ್ಕೆ. ನಿಮ್ಮಜ್ಜಿಯ ಸ್ಟೇಟಸ್ಸು ನಂಬರ್ ಇಟ್ಟುಕೊಂಡವರಿಗೆ ಮಾತ್ರ. (ಆ ನಂಬರುಗಳಲ್ಲಿ ಅಡಿಕೆ ವ್ಯಾಪಾರಿ, ಗ್ಯಾಸ್ ತರುವ ಹುಡುಗ, ಜಾತಕ ಹಿಡಿದು ಓಡಾಡುವ ಭಟ್ಟರು ಎಲ್ಲರೂ ಇದ್ದಾರೆ ಎಂಬುದನ್ನು ಹೇಳಲಿಲ್ಲ.) ಕೊನೆಗೆ, ಕೇಸು ಹಾಕಿದರೆ ನೀನೇ ಸೋಲಬಹುದು ಅಂದೆ.

"ನಾನು ಕಾನೂನನ್ನ ಕೇಳ್ಲಿಲ್ಲಮ್ಮ. ಅಜ್ಜಿನ ಕೇಳ್ದೆ," ಅಂದಳು.

ಈ ಮಾತು ವಾರವಿಡೀ ನನ್ನ ಜೊತೆ ಸೈಕಲ್ ಮೇಲೆ ಬಂತು. ಮಗಳು ಇಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್ ಊರಿನ ಶಾಲೆಗೆ ಹೋಗುತ್ತಾಳೆ. ಶಾಲೆಯವರು ಫೋಟೋಗೆ ಮೊದಲು ಪಾಲಕರ ಸಹಿ ಕೇಳುತ್ತಾರೆ. ಹಾಗೆಂದು ಇಲ್ಲಿಯವರು ಎಲ್ಲವನ್ನೂ ಮುಚ್ಚಿಡುವ ಜನ ಅಂದುಕೊಳ್ಳಬೇಡಿ. ಎದುರು ಮನೆಯ ಕಿಟಕಿಗೆ ಪರದೆ ಎಳೆದದ್ದನ್ನು ನಾನು ನೋಡಿಲ್ಲ. ರಾತ್ರಿ ದೀಪ ಹಾಕಿ ಅವರು ಊಟ ಮಾಡುವುದು ಬೀದಿಗೆಲ್ಲ ಕಾಣುತ್ತದೆ. ನೆಂಟರಿಷ್ಟರ ಹುಟ್ಟುಹಬ್ಬದ ಕ್ಯಾಲೆಂಡರನ್ನು ಕಕ್ಕಸಿನ ಗೋಡೆಗೆ ತೂಗುಹಾಕುತ್ತಾರೆ. ಯಾರ ವಯಸ್ಸೆಷ್ಟು ಎಂದು ಬಂದ ಅತಿಥಿಯೆಲ್ಲ ಓದಬಹುದು. ಆದರೆ ತೆರೆದಿಟ್ಟವರು ಅವರೇ. ಅದರಲ್ಲಿ ಇಣುಕದೆ ದಾಟಿ ಹೋಗುವುದು ನನ್ನ ಮರ್ಯಾದೆ. ಮೊದಲ ಚಳಿಗಾಲದಲ್ಲಿ ನಾನು ಧಾರಾಳವಾಗಿ ಇಣುಕಿದ್ದೇನೆ, ಅದು ಬೇರೆ ಮಾತು.

ಗುರುವಾರದ ಪಾಠ ನಮ್ಮ ದೇಶದ್ದು. ಬೋರ್ಡಿನ ಮೇಲೆ "ಪುಟ್ಟಸ್ವಾಮಿ" ಎಂದು ಬರೆಯುವಾಗ ನನಗೆ ಪ್ರತಿ ಸಲವೂ ಸಣ್ಣ ಜಂಬ. ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತೈದು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು: ಖಾಸಗಿತನ ಮೂಲಭೂತ ಹಕ್ಕು. 2024ರಲ್ಲಿ ಅವರು ತೀರಿಕೊಂಡರು. ನಮ್ಮ ಓಣಿಯ ಯಾವ ತಾತನಿಗೂ ಇರಬಹುದಾದ ಈ ಹೆಸರನ್ನು ಪೋಲೆಂಡಿನ ಹುಡುಗಿ ನಾಲಿಗೆ ಹೊರಳಿಸಿ ಹೇಳುವುದನ್ನು ಕೇಳಬೇಕು ನೀವು!

ಜಂಬ ಅಷ್ಟಕ್ಕೇ. ಆ ತೀರ್ಪಿನ ದೇಶಕ್ಕೆ ರಜೆಗೆ ಹೋದರೆ ಬಟ್ಟೆ ಅಂಗಡಿಯವನು ಬಿಲ್ಲು ಮಾಡುವ ಮುಂಚೆ ಫೋನ್ ನಂಬರ್ ಕೇಳುತ್ತಾನೆ. ಯಾಕೆ ಅಂದರೆ ಸಿಸ್ಟಮ್ ತಗೊಳಲ್ಲ ಮೇಡಂ ಅನ್ನುತ್ತಾನೆ. ಲಾಡ್ಜಿನ ಮೇಜಿನ ಮೇಲೆ ಯಾರ್ಯಾರದೋ ಆಧಾರ್ ಜೆರಾಕ್ಸಿನ ಕಂತೆ. ಮೇಲಿನ ಹಾಳೆಯ ಮುಖದ ಮೇಲೆ ಚಹಾ ಲೋಟ.

ನಮ್ಮ ಹಳೇ ಮನೆಯಲ್ಲಿ ಅಂಚೆಯಲ್ಲಿ ಬಂದ ಕಾಗದವೆಲ್ಲ ಅಜ್ಜನ ಕೈಗೆ ಹೋಗುತ್ತಿತ್ತು. ಯಾರ ಹೆಸರಿಗೆ ಬಂದಿದ್ದರೂ ಸರಿ. ಜಗಲಿಯಲ್ಲಿ ಕೂತು, ಇನ್‌ಲ್ಯಾಂಡ್ ಲೆಟರಿನ ಅಂಚು ಬಿಡಿಸಿ ಗಟ್ಟಿಯಾಗಿ ಓದುತ್ತಿದ್ದರು. ಮನೆಯವರು, ಆಳುಗಳು, ಮಜ್ಜಿಗೆಗೆ ಬಂದ ಪಕ್ಕದ ಮನೆಯವರು, ಎಲ್ಲರೂ ಕೇಳುವವರೇ. ನನಗದು ಬಹಳ ಇಷ್ಟವಿತ್ತು, ಈಗಲೂ ನೆನೆದರೆ ಖುಷಿಯಾಗುತ್ತದೆ. ಮದುವೆಯಾಗಿ ಹೋದ ಅತ್ತೆಯ ಕಾಗದಗಳೂ ಹಾಗೇ ಓದಿಸಿಕೊಂಡವು. ಒಂದೊಂದೂ "ಉಭಯ ಕುಶಲೋಪರಿ"ಯಿಂದ ಶುರುವಾಗಿ, ಅಲ್ಲಿ ಮಳೆ ಹೇಗೆ, ಕೊಟ್ಟಿಗೆಯಲ್ಲಿ ಕರು ಯಾವುದು ಎಂದು ಹೇಳಿ ಮುಗಿಯುತ್ತಿತ್ತು. ಒಂದು ಮಧ್ಯಾಹ್ನ ಅತ್ತೆ ಟ್ರಂಕಿನ ಸಮೇತ ಬಸ್ಸಿನಿಂದ ಇಳಿದರು. ಮತ್ತೆ ಆ ಮನೆಗೆ ಹೋಗಲಿಲ್ಲ. ಒಂದು ಸಾಲಾದರೂ ಬರೆಯಬಾರದಿತ್ತೇ ಎಂದು ಅಜ್ಜ ಕೊನೆತನಕ ನೊಂದುಕೊಂಡರು. ಜಗಲಿಯಲ್ಲಿ ಗಟ್ಟಿಯಾಗಿ ಓದುವ ಕಾಗದದಲ್ಲಿ ಅತ್ತೆ ಏನೆಂದು ಬರೆಯಬೇಕಿತ್ತು?

ಇದನ್ನು ಅಮ್ಮನಿಗೆ ಹೇಳಬೇಕೋ ಬೇಡವೋ ಎಂದುಕೊಳ್ಳುತ್ತಿರುವಾಗ ಶುಕ್ರವಾರ ಅಮ್ಮನದೇ ಫೋನು, ಮೊಮ್ಮಗಳಿಗೆ. ಇನ್ನು ಮೇಲೆ ಕೇಳಿಯೇ ಹಾಕುತ್ತಾರಂತೆ. ಹುಟ್ಟುಹಬ್ಬದ ಫೋಟೋಗೆ ಮಾತ್ರ ಕೇಳುವುದಿಲ್ಲವಂತೆ. ಇವಳು ಅಳೆದು ಸುರಿದು ಒಪ್ಪಿದಳು. ದೋಸೆ ತಿನ್ನುವ ಒಂದು ಫೋಟೋ ಪಾಸಾಗಿ ಸ್ಟೇಟಸ್ಸೂ ಆಯಿತು. ಮರುದಿನ ಇವಳು ಮನಸ್ಸು ಬದಲಾಯಿಸಿದಳು: ಹಲ್ಲು ಕಾಣುತ್ತೆ, ಬೇಡ.

ಅಮ್ಮ ನನಗೆ ಫೋನು ಮಾಡಿದರು. "ಅಲ್ಲ ಕಣೇ, ಒಂದ್ಸಲ ಹೂಂ ಅಂದ್ಮೇಲೆ ಊಹೂಂ ಅನ್ನಬಹುದಾ ನಿಮ್ಮ ಕಾನೂನಲ್ಲಿ?"

ಅನ್ನಬಹುದು ಅಂದೆ. ಹೂಂ ಅನ್ನುವುದು ಎಷ್ಟು ಸುಲಭವೋ ಊಹೂಂ ಅನ್ನುವುದೂ ಅಷ್ಟೇ ಸುಲಭವಿರಬೇಕು, ಜಿಡಿಪಿಆರ್‌ನ ಏಳನೇ ವಿಧಿಯಲ್ಲೇ ಇದೆ. ನಮ್ಮ ದೇಶದ ಕಾಯ್ದೆಯಲ್ಲೂ ಇದೆ.

"ಮದುವೆಗೂ ಇದೆಯಾ ಅದು?" ಅಂದರು ಅಮ್ಮ. "ನಿಮ್ಮತ್ತೆ ಪಕ್ಕದಲ್ಲೇ ಕೂತಿದಾಳೆ, ಕೇಳ್ತಿದಾಳೆ."