ಹಳದಿ ಬಾಲ ಕೊನೆಗೂ ಕಡಿಯಿತು

ಯಕ್ಷಗಾನದ ಪದ್ಯ ತೋರಿಸುವ ನನ್ನ ಸ್ವಿಂಗ್ (ಜಾವಾದಲ್ಲಿ ಕಿಟಕಿ, ಬಟನ್ ಕಟ್ಟುವ ಲೈಬ್ರರಿ) ಆ್ಯಪ್ ಈಗ ಸಾಲುಗಳಿಗೆ ಸರಿಯಾಗಿ ಬಣ್ಣ ಹಚ್ಚುತ್ತಿದೆ. ಮುಂಬೈಯಲ್ಲಿ ಬೆಳಗಿನವರೆಗೆ ಆಟ ಆಡಿಸುವುದು ಕಷ್ಟ ಅಲ್ವಾ, ಹಾಲ್ ಖಾಲಿ ಮಾಡಬೇಕು, ನೋಡುವವರಿಗೆ ಕೊನೆಯ ಲೋಕಲ್ ಹಿಡಿಯಬೇಕು. ಹಾಗಾಗಿ ಇವತ್ತು ಯಾವ ಪದ್ಯ ಹಾಡುವುದು ಅಂತ ಭಾಗವತಿಕೆ ಮಾಡುವ ಚಿಕ್ಕಪ್ಪ ಮೊದಲೇ ಗುರುತು ಹಾಕಿಕೊಳ್ಳುತ್ತಾರೆ. ಸಾಲು ಸೆಲೆಕ್ಟ್ ಮಾಡಿ ಬಟನ್ ಒತ್ತಿದರೆ ಹಳದಿ ಬರಬೇಕು, ಇನ್ನೊಮ್ಮೆ ಒತ್ತಿದರೆ ಹೋಗಬೇಕು. ಬೇಕಾಗಿದ್ದದ್ದು ಇಷ್ಟೇ.

ಫೈಲ್ ಓದುವುದು, ಸ್ಕ್ರೋಲ್ ಪೇನ್ ಎಲ್ಲ ನಿಮಗೆ ಗೊತ್ತಿರುವುದೇ. ಸೆಲೆಕ್ಷನ್ನಿನ ಶುರು ಮತ್ತು ಕೊನೆಯ ಆಫ್‌ಸೆಟ್ (ಮೊದಲಿನಿಂದ ಎಷ್ಟನೇ ಅಕ್ಷರ ಅನ್ನುವ ಲೆಕ್ಕ) ಯಾವ ಸಾಲಿನಲ್ಲಿದೆ ಅಂತ ಗೆಟ್‌ಲೈನ್‌ಆಫ್‌ಆಫ್‌ಸೆಟ್‌ಗೆ ಕೇಳಿದೆ. ಇಲ್ಲೊಂದು ಸಣ್ಣ ಕಿರಿಕಿರಿ: ಎಳೆದ ಮೌಸ್ ಮುಂದಿನ ಸಾಲಿನ ತಲೆಯಲ್ಲಿ ನಿಂತರೆ ಆ ಸಾಲೂ ಲೆಕ್ಕಕ್ಕೆ ಬರುತ್ತದೆ. ಕೊನೆಯ ಆಫ್‌ಸೆಟ್ ಆ ಸಾಲಿನ ಶುರುವೇ ಆಗಿದ್ದರೆ ಒಂದು ಸಾಲು ಕಳೆಯಬೇಕು, ಮುಗಿಯಿತು.

ನಿಜವಾಗಿ ತಲೆ ತಿಂದದ್ದು ಬಣ್ಣದ ಅಗಲ. ಹೈಲೈಟ್, ಅಂದರೆ ಅಕ್ಷರದ ಹಿಂದಿನ ಬಣ್ಣ, ಬಳಿಯುವ ಸ್ವಿಂಗಿನದ್ದೇ ಡಿಫಾಲ್ಟ್‌ಹೈಲೈಟ್‌ಪೇಂಟರ್ ಅಕ್ಷರ ಮುಗಿದಲ್ಲೇ ನಿಲ್ಲುತ್ತದೆ. "ಇದೆಂತ ಮಾರಾಯ, ಒಂದು ಗಿಡ್ಡ ಒಂದು ಉದ್ದ, ಕತ್ತಲಲ್ಲಿ ಕಣ್ಣಿಗೆ ಸಿಕ್ಕುವುದೇ ಇಲ್ಲ" ಅಂದರು ಚಿಕ್ಕಪ್ಪ. ಸರಿ, ಹೈಲೈಟ್‌ಪೇಂಟರ್ ಇಂಟರ್‌ಫೇಸನ್ನು ನಾನೇ ಬರೆದೆ. ಅದರ ಪೇಂಟ್ ಮೆಥಡ್ ಒಳಗೆ, ಆಫ್‌ಸೆಟ್ ಪರದೆಯ ಮೇಲೆ ಎಲ್ಲಿದೆ ಅಂತ ಹೇಳುವ ಮಾಡೆಲ್‌ಟುವ್ಯೂ2ಡಿಯಿಂದ ಸಾಲಿನ ಎತ್ತರ ತೆಗೆದುಕೊಂಡು, ಎಡದಿಂದ ಬಲದವರೆಗೆ ಫಿಲ್‌ರೆಕ್ಟ್‌ನಿಂದ ಬಣ್ಣ ತುಂಬಿಸಿದೆ. ಸಾಲಿನ ಕೊನೆಯ ಆಫ್‌ಸೆಟ್ ನ್ಯೂಲೈನ್ (ಸಾಲು ಮುರಿಯುವ ಅಕ್ಷರ) ದಾಟಿ ಕೆಳಗಿನ ಸಾಲಿಗೆ ಹೋಗುವುದರಿಂದ ಒಂದು ಕಳೆದು ಕೊಟ್ಟೆ.

ಆಗ ಶುರುವಾಯಿತು ಹನುಮಂತನ ಬಾಲ. ಹೈಲೈಟ್ ತೆಗೆದರೆ ಪದ್ಯದ ಹಿಂದಿನ ಹಳದಿ ಹೋಗುತ್ತದೆ, ಬಲಗಡೆ ಖಾಲಿ ಜಾಗದ್ದು ಹಾಗೇ ಉಳಿಯುತ್ತದೆ! ಕಿಟಕಿಯ ಅಳತೆ ಬದಲಿಸಿದರೆ ಮಾಯ. ರಿಮೂವ್‌ಆಲ್‌ಹೈಲೈಟ್ಸ್ ಕರೆದು ಎಲ್ಲ ಅಳಿಸಿ ಮತ್ತೆ ಹಾಕೋಣ ಅಂದರೆ ಸೆಲೆಕ್ಷನ್ನಿನ ನೀಲಿಯೂ ಹೋಗುತ್ತದೆ, ಯಾಕೆಂದರೆ ಅದೂ ಅದೇ ಹೈಲೈಟರ್ ಒಳಗಿನದ್ದು.

ಕೊನೆಗೆ ಜೆಡಿಕೆಯ (ಜಾವಾ ಡೆವಲಪ್‌ಮೆಂಟ್ ಕಿಟ್) ಸೋರ್ಸ್ ತೆರೆದೆ. ಹೈಲೈಟ್ ಸೇರಿಸಿದಾಗಲೂ ತೆಗೆದಾಗಲೂ ಯಾವ ಜಾಗ ಮತ್ತೆ ಬಿಡಿಸಬೇಕು ಅಂತ ಗುರುತಿಸುವ ಡ್ಯಾಮೇಜ್‌ರೇಂಜ್ ಕರೆಯುತ್ತಾರೆ. ಎರಡು ಆಫ್‌ಸೆಟ್ ಬೇರೆ ಬೇರೆ ಸಾಲಿನಲ್ಲಿದ್ದರೆ ಪೂರ್ತಿ ಅಗಲ ಮತ್ತೆ ಬಿಡಿಸುತ್ತದೆ, ಒಂದೇ ಸಾಲಿನಲ್ಲಿದ್ದರೆ ಅಕ್ಷರ ಇರುವಷ್ಟು ಮಾತ್ರ. ನನ್ನ ಪೇಂಟರ್ ಎಷ್ಟು ಅಗಲ ಬಳಿದಿದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು, ಪಾಪ. ನಾನು ಒಂದೊಂದು ಸಾಲಿಗೆ ಒಂದೊಂದು ಟ್ಯಾಗ್ (ಒಂದು ಹೈಲೈಟಿನ ಗುರುತು) ಇಟ್ಟಿದ್ದರಿಂದ ಪ್ರತಿ ಸಲವೂ ಬಾಲ. ಔಷಧಿ ಒಂದೇ ಸಾಲಿನ ಕೋಡ್: ಟ್ಯಾಗ್ ಹಾಕಿದ ಮೇಲೆ, ತೆಗೆದ ಮೇಲೆ, ಆ ಎತ್ತರಕ್ಕೆ ಇಡೀ ಅಗಲದ ರಿಪೇಂಟ್ ನಾವೇ ಕರೆಯುವುದು.

ಇನ್ನು ಪುಟ ತಿರುಗಿಸುವ ಕಾಲಿನ ಪೆಡಲ್. ಕೈಯಲ್ಲಿ ತಾಳ ಇರುವಾಗ ಮೌಸ್ ಹಿಡಿಯುವವರು ಯಾರು? ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯವನಿಗೆ ಒತ್ತಿ ಬಿಟ್ಟರೆ ಬಿಡುವ ಸ್ವಿಚ್ ಬೇಕು ಅಂತ ಬಿಡಿಸಿ ಹೇಳಿದ್ದೆ. ಒಮ್ಮೆ ಒತ್ತಿದರೆ ಅಲ್ಲೇ ಕೂರುವುದನ್ನು ಕಟ್ಟಿಕೊಟ್ಟ, ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಬೇರೆ ಸ್ವಿಚ್ ಸಿಗುವವರೆಗೆ ತಾಳಕ್ಕೊಂದು ಬಣ್ಣ ಕೊಡುವ ಕೆಲಸ ಹಿಡಿದಿದ್ದೇನೆ. ಏಕಕ್ಕೆ ಹಳದಿ, ಝಂಪೆಗೆ ಹಸಿರು. ಅಷ್ಟತಾಳಕ್ಕೆ ಕೆಂಪು ಬೇಡ, ಅದರ ಮೇಲೆ ಕಪ್ಪಕ್ಷರ ಓದಲು ಆಗುವುದಿಲ್ಲ ಅಂತ ಚಿಕ್ಕಪ್ಪ ಈಗಾಗಲೇ ಹೇಳಿಯಾಗಿದೆ.