ಆಟಿಕೆ ಹೇಗೆ ಜೋಡಿಸಿಡ್ತೀರಾ ಅಂತ ಕೇಳುವವರಿಗೆ

ನಮ್ಮ ಹೋಂಸ್ಟೇಗೆ ಬರುವ ಮಕ್ಕಳೊಂದಿಗರದ್ದು ಒಂದೇ ಪ್ರಶ್ನೆ: "ಅಕ್ಕಾ, ಆಟದ ಸಾಮಾನು ಇಷ್ಟು ನೀಟಾಗಿ ಹೇಗೆ ಇಟ್ಟಿದ್ದೀರಾ? ನಿಮಗೇನು ಬಿಡಿ, ಇಲ್ಲಿ ಟೈಮ್ ಇರುತ್ತೆ." ಟೈಮಿನ ವಿಷಯ ಕಾಫಿ ಕೊಯ್ಲಿಗೆ ಬಂದಾಗ ಮಾತಾಡೋಣ.

ನೀಟಾಗಿದೆ, ಯಾಕೆಂದರೆ ಹೊರಗಿರುವುದೇ ನಾಲ್ಕಾರು. ಉಳಿದದ್ದು ಅಡುಗೆಮನೆ ಅಟ್ಟದಲ್ಲಿ. ಮಕ್ಕಳಿಗೆ ಬೇಜಾರಾದರೆ ಇದು ಮೇಲೆ, ಅದು ಕೆಳಗೆ. "ಪಾಪ, ಇಷ್ಟೇನಾ?" ಅನ್ನುವವರಿಗೂ ಉತ್ತರವಿದೆ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 36 ಪುಟ್ಟ ಮಕ್ಕಳಿಗೆ ಒಮ್ಮೆ 4 ಆಟಿಕೆ, ಇನ್ನೊಮ್ಮೆ 16 ಕೊಟ್ಟು ನೋಡಿ 2018ರಲ್ಲಿ ವರದಿ ಪ್ರಕಟಿಸಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದ್ದವು. ಈಗ ಪಾಪ ಯಾರು?

ಒಂದು ಜುಲೈನಲ್ಲಿ ಬಂದಿದ್ದ ಬೆಂಗಳೂರಿನ ತಾಯಿಯೊಬ್ಬರು ನಾನು ಆಟಿಕೆ ತುಂಬಿಡುವ ಟೊಮೆಟೊ ಕ್ರೇಟುಗಳನ್ನು ನೋಡಿ ಮುಖ ಸಿಂಡರಿಸಿದರು. ಗಾಳಿಯಾಡದ ಮುಚ್ಚಳದ ಡಬ್ಬ ತಗೊಳ್ಳಿ, ಲೇಬಲ್ ಅಂಟಿಸಿ ಎಂದರು. ಊರಿಗೆ ಹೋಗಿ ಒಂದು ಡಬ್ಬ ಕಳಿಸಿಯೂ ಕೊಟ್ಟರು, ಒಳ್ಳೆಯವರು. ಅದರಲ್ಲೀಗ ಒಣಮೀನು ಇದೆ. ವಾಸನೆ ಒಂಚೂರೂ ಹೊರಗೆ ಬರುವುದಿಲ್ಲ.

ಕಕ್ಕಡದ (ನಮ್ಮ ಕೊಡಗಿನಲ್ಲಿ ಜುಲೈ-ಆಗಸ್ಟ್‌ನ ತಿಂಗಳು) ಮಳೆಯಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಗೋಡೆಗೆ ಬೂಷ್ಟು ಬರುವ ಊರು ಇದು. ತೇವ ಹೀರಿದ ಟೆಡ್ಡಿಯನ್ನು ಡಬ್ಬದಲ್ಲಿ ಮುಚ್ಚಿಟ್ಟರೆ ತೇವ ಎಲ್ಲಿಗೆ ಹೋಗಬೇಕು? ಮಳೆಗಾಲದಲ್ಲಿ ಆಟಿಕೆ ಉಳಿಸಿಕೊಳ್ಳೋದು ಹೇಗೆ ಅಂತ ಕೇಳಿ, ಕೂರಿಸಿ ಕಾಫಿ ಕೊಟ್ಟು ಹೇಳುತ್ತೇನೆ. ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ.

ಕ್ರೇಟಿನ ತೂತು ಗಾಳಿಗೆ. ಅದನ್ನು ಗೋಡೆಗೆ ತಾಗಿಸಬೇಡಿ. ಬಿದಿರಿನ ಬುಟ್ಟಿ ಫೋಟೋಗೆ ಚೆಂದ, ಆದರೆ ಮೊದಲು ಬೂಷ್ಟು ಹಿಡಿಯುವುದೇ ಅದಕ್ಕೆ. ಬಟ್ಟೆಯ ಗೊಂಬೆಗಳು ಮೇ ಮುಗಿಯುವುದರೊಳಗೆ ಒಗೆದು, ಕಣದ ಬಿಸಿಲಲ್ಲಿ ಕಾಫಿ ಪಕ್ಕ ಒಣಗಿ, ಒಲೆಯ ಮೇಲಿನ ಅಟ್ಟ ಸೇರಬೇಕು. ಸ್ವಲ್ಪ ಹೊಗೆ ವಾಸನೆ ಬರುತ್ತದೆ, ಬರಲಿ. ಬ್ಯಾಟರಿ ಎಲ್ಲ ಬಿಚ್ಚಿಡಿ, ಇಲ್ಲದಿದ್ದರೆ ತಂತಿಗೆ ಹಸಿರು ಕಿಲುಬು. ಚನ್ನಪಟ್ಟಣದ ಮರದ ಗೊಂಬೆಗೆ ಒಣಬಟ್ಟೆ ಸಾಕು. ಸ್ಯಾನಿಟೈಸರ್ ಹಾಕಿ ಒರೆಸುವ ಪುಣ್ಯಾತ್ಮರೇ, ಅದರ ಹೊಳಪು ಅರಗಿನದು, ಆಲ್ಕೋಹಾಲಿಗೆ ಅರಗು ಕರಗುತ್ತದೆ.

ರಟ್ಟಿನ ಪಜಲ್‌ಗೆ ಮಾತ್ರ ನನ್ನ ಬಳಿ ಮದ್ದಿಲ್ಲ. ಜುಲೈನಲ್ಲಿ ಉಬ್ಬಿ ಒಂದಕ್ಕೊಂದು ಕೂರುವುದೇ ಇಲ್ಲ. ಉಡುಗೊರೆ ತರುವವರು ಡಿಸೆಂಬರ್‌ನಲ್ಲಿ ತನ್ನಿ.