ಬೀಪ್ ಎಂದ ತಂತಿಯೊಳಗಿನ ಆರು ಓಮ್

13 ಜುಲೈ 2025, ಭಾನುವಾರ
ಮೈಸೂರು

ಸಂಪಿನ ನೀರು ಮೇಲಿನ ಟ್ಯಾಂಕಿಗೆ ತಾನಾಗಿ ಏರಬೇಕು, ಟ್ಯಾಂಕು ತುಂಬಿದ ಕೂಡಲೇ ಮೋಟಾರು ನಿಲ್ಲಬೇಕು ಎಂದು ಅಕ್ಕನ ಮಗ ಬ್ರೆಡ್‌ಬೋರ್ಡಿನ (ಸೋಲ್ಡರ್ ಇಲ್ಲದೆ ತಂತಿ ಚುಚ್ಚುವ ತೂತುಗಳ ಹಲಗೆ) ಮೇಲೆ ಕಟ್ಟಿದ್ದ ಸರ್ಕ್ಯೂಟನ್ನು ಇಂದು ಊಟವಾದ ಮೇಲೆ ಇಬ್ಬರೂ ಕೂತು ಪರೀಕ್ಷಿಸಿದೆವು. ಪ್ರೋಗ್ರಾಮು ಹಾಕಿ ನಡೆಸುವ ಪುಟ್ಟ ಬೋರ್ಡಾದ ಒಂದು ಆರ್ಡುಯಿನೊ ಉನೊ, ನೀರಿನ ಮಟ್ಟಕ್ಕೆ ತಕ್ಕಂತೆ ತೆರೆದು ಮುಚ್ಚುವ ಎರಡು ಫ್ಲೋಟ್ ಸ್ವಿಚ್, ಒಳಗಿನ ಕಾಯಿಲಿನ ಸೆಳೆತಕ್ಕೆ ಆನ್-ಆಫ್ ಆಗುವ ಸ್ವಿಚ್ಚಾದ 5 ವೋಲ್ಟಿನ ಒಂದು ರಿಲೇ, ಅದನ್ನು ನಡೆಸಲು ಒಂದು ಟ್ರಾನ್ಸಿಸ್ಟರ್, ಎರಡು ಸಾಲಿನ ಒಂದು ಎಲ್‌ಸಿಡಿ ಪರದೆ, ಸಾಮಾನು ಇಷ್ಟೇ. ಪರದೆಯಲ್ಲಿ ಬೆಳಕಿತ್ತು, ಅಕ್ಷರವಿರಲಿಲ್ಲ. ರಿಲೇ ತನಗೆ ಮನಸ್ಸು ಬಂದಾಗ ಮಾತ್ರ ಹಿಡಿಯುತ್ತಿತ್ತು. ಫ್ಲೋಟ್ ಸ್ವಿಚ್ಚಿನ ತಂತಿಯ ಬಳಿ ಕೈ ತಂದರೆ ಸಾಕು, ತುಂಬಿದ ಟ್ಯಾಂಕು ಸರ್ಕ್ಯೂಟಿನ ಲೆಕ್ಕದಲ್ಲಿ ಖಾಲಿಯಾಗುತ್ತಿತ್ತು. ಅವನು ಇಷ್ಟು ದಿನವೂ ಪ್ರೋಗ್ರಾಮನ್ನೇ ತಿದ್ದುತ್ತ ಕೂತಿದ್ದನಂತೆ. ಲ್ಯಾಪ್‌ಟಾಪ್ ಮುಚ್ಚಿಸಿ ಮೀಟರ್ ತರಿಸಿದೆ. ಮೋಟಾರಿನ 230 ವೋಲ್ಟನ್ನು ಅವನಿನ್ನೂ ಹತ್ತಿರಕ್ಕೆ ತಂದಿರಲಿಲ್ಲ, ರಿಲೇಯ ಕಾಂಟ್ಯಾಕ್ಟುಗಳು ಖಾಲಿಯಾಗಿದ್ದವು. ಆ ವಿವೇಕವನ್ನು ಮೆಚ್ಚಲೇಬೇಕು.

ಎಲ್‌ಸಿಡಿಯ ತೊಂದರೆ ಬೇಗ ಮುಗಿಯಿತು. ಪರದೆಗೆ ಮಾಹಿತಿ ಒಯ್ಯುವ ಎರಡು ತಂತಿಗಳಲ್ಲಿ ಎಸ್‌ಡಿಎ ಉನೊದ ಎ4 ಪಿನ್ನಿಗೂ ಎಸ್‌ಸಿಎಲ್ ಎ5 ಪಿನ್ನಿಗೂ ಹೋಗಬೇಕು, ಇಲ್ಲಿ ಎರಡೂ ಅದಲುಬದಲಾಗಿದ್ದವು. ಇದರಿಂದ ಯಾವುದೂ ಸುಡುವುದಿಲ್ಲ, ಮಾತುಕತೆ ನಡೆಯುವುದಿಲ್ಲ ಅಷ್ಟೇ. ಸರಿಪಡಿಸಿದ ಮೇಲೂ ಪರದೆ ಖಾಲಿಯಾಗಿಯೇ ಇತ್ತು. ಹಿಂಬದಿಯ ನೀಲಿ ಕಾಂಟ್ರಾಸ್ಟ್ ತಿರುಪನ್ನು ಸಣ್ಣ ಸ್ಕ್ರೂಡ್ರೈವರಿನಿಂದ ತಿರುಗಿಸಿದಾಗ ಅಕ್ಷರಗಳು ಮೂಡಿದವು.

ಫ್ಲೋಟ್ ಸ್ವಿಚ್ಚಿನ ಒಂದು ತುದಿಯನ್ನು 5 ವೋಲ್ಟಿಗೂ ಇನ್ನೊಂದನ್ನು ನೇರವಾಗಿ ಪಿನ್ನಿಗೂ ಕೊಟ್ಟಿದ್ದ. ಸ್ವಿಚ್ಚು ಮುಚ್ಚಿದಾಗ ಪಿನ್ನಿಗೆ 5 ವೋಲ್ಟ್ ಸಿಗುತ್ತದೆ, ಸರಿ. ತೆರೆದಾಗ ಪಿನ್ನು ಯಾವುದಕ್ಕೂ ಅಂಟಿಕೊಂಡಿರುವುದಿಲ್ಲವಾದ್ದರಿಂದ ಉದ್ದನೆಯ ತಂತಿ ಆಂಟೆನಾದ ಕೆಲಸ ಮಾಡಿ, ಮನೆಯ ವೈರಿಂಗಿನ 50 ಹರ್ಟ್ಸ್ ಸದ್ದನ್ನೆಲ್ಲ ಹೀರಿಕೊಳ್ಳುತ್ತದೆ. ಸ್ವಿಚ್ಚಿನ ತುದಿಯನ್ನು 5 ವೋಲ್ಟಿನಿಂದ ಬಿಡಿಸಿ ಗ್ರೌಂಡಿಗೆ ಸೇರಿಸಿ, ಪಿನ್ನಿಗೆ ಪುಲ್‌ಅಪ್, ಅಂದರೆ ಸ್ವಿಚ್ಚು ತೆರೆದಾಗ ಅದನ್ನು 5 ವೋಲ್ಟಿಗೆ ಎಳೆದು ಹಿಡಿಯುವ ರೆಸಿಸ್ಟರ್, ಕೊಟ್ಟೆವು. ಚಿಪ್ಪಿನೊಳಗೇ 20ರಿಂದ 50 ಕಿಲೋಓಮ್‌ನ ಪುಲ್‌ಅಪ್ ಇದೆ, ಮೇಜಿನ ಮೇಲಿನ ಗುಂಡಿಗೆ ಅದು ಸಾಕು. ಆದರೆ ಈ ತಂತಿ ತಾರಸಿಯವರೆಗೆ, ಅದೂ ಮೋಟಾರಿನ ತಂತಿಯ ಪಕ್ಕದಲ್ಲೇ ಹೋಗುವುದರಿಂದ ಹೊರಗಿನಿಂದ 4.7 ಕಿಲೋಓಮ್ ರೆಸಿಸ್ಟರ್ ಹಾಕಿಸಿದೆ.

ರಿಲೇಯ ವಿಷಯ ಇನ್ನೂ ಸ್ವಾರಸ್ಯಕರವಾಗಿತ್ತು. ನಕ್ಷೆಯಲ್ಲಿದ್ದ ಟ್ರಾನ್ಸಿಸ್ಟರ್ ಬಿಸಿ547, ಅಂಗಡಿಯವರು ಅದೇ ಕೆಲಸಕ್ಕೆ ಆಗುತ್ತದೆಂದು ಕೊಟ್ಟದ್ದು ಪಿಎನ್2222. ಕೆಲಸಕ್ಕೇನೋ ಆಗುತ್ತದೆ, ಆದರೆ ಮೂರು ಕಾಲುಗಳ ಕ್ರಮ ಬೇರೆ. ಚಪ್ಪಟೆ ಮುಖ ನಮ್ಮ ಕಡೆಗಿದ್ದು ಕಾಲುಗಳು ಕೆಳಗಿರುವಾಗ ಬಿಸಿ547ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಪಿಎನ್2222ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. (ಪಿ2ಎನ್2222 ಎಂಬ ಇನ್ನೊಂದಿದೆ, ಅದರ ಕಾಲುಗಳು ಮತ್ತೆ ಬಿಸಿ547ರಂತೆಯೇ. ಹೆಸರಿಟ್ಟವರಿಗೆ ನಮಸ್ಕಾರ.) ಹೀಗೆ ತಲೆಕೆಳಗಾದ ಟ್ರಾನ್ಸಿಸ್ಟರ್ ಪೂರ್ತಿ ಸತ್ತಂತೆಯೂ ಇರುವುದಿಲ್ಲ. ಬೇಸಿನಲ್ಲಿ ಅಳೆದರೆ ಸುಮಾರು 0.7 ವೋಲ್ಟ್ ತೋರಿಸಿ ಎಲ್ಲವೂ ಸರಿಯಾಗಿರುವಂತೆ ನಂಬಿಸುತ್ತದೆ. ಉಳಿದೆರಡು ಕಾಲುಗಳ ನಡುವೆ ಅಳೆದಾಗ ನಿಜ ಹೊರಬಿತ್ತು: ಪೂರ್ತಿ ಆನ್ ಆಗಿದ್ದರೆ 0.2 ವೋಲ್ಟಿನ ಆಸುಪಾಸಿನಲ್ಲಿರಬೇಕಾದ ಜಾಗದಲ್ಲಿ ಮೂರೂವರೆಗಿಂತ ಹೆಚ್ಚಿತ್ತು. ಹಿಮ್ಮುಖವಾಗಿ ಅದರ ವರ್ಧನೆ ತೀರ ಕಡಿಮೆ, 70 ಓಮ್‌ನ ಕಾಯಿಲಿಗೆ ಬೇಕಾದ ಸುಮಾರು 70 ಮಿಲಿಆಂಪಿಯರ್ ಅದರಿಂದ ಹೊರಡುವುದಿಲ್ಲ. ಟ್ರಾನ್ಸಿಸ್ಟರನ್ನು ತಿರುಗಿಸಿ ಚುಚ್ಚಿದ ತಕ್ಷಣ ರಿಲೇ ಗಟ್ಟಿಯಾಗಿ ‘ಟಕ್’ ಎಂದಿತು. ಕಾಯಿಲಿಗೆ ಅಡ್ಡಲಾಗಿ ಹಾಕುವ ಡಯೋಡನ್ನು ಮಾತ್ರ ಅವನು ಸರಿಯಾಗಿಯೇ, ಬಿಳಿ ಪಟ್ಟಿ ಧನಧ್ರುವದ ಕಡೆಗೆ ಬರುವಂತೆ ಕೂರಿಸಿದ್ದ.

ಆಮೇಲೆ ಹೊಸದೊಂದು ಕಂಡಿತು. ರಿಲೇ ಹಿಡಿದಾಗಲೆಲ್ಲ ಪರದೆಯ ಅಕ್ಷರ ಮಸುಕಾಗುತ್ತದೆ, ಬಿಟ್ಟಾಗ ಮತ್ತೆ ತಿಳಿಯಾಗುತ್ತದೆ. ಅವನು ಒಂದೊಂದೇ ತಂತಿಗೆ ಮೀಟರಿನ ಬೀಪ್ ಪರೀಕ್ಷೆ ಮಾಡಿ, ‘ಎಲ್ಲವೂ ಬೀಪ್ ಅನ್ನುತ್ತಿದೆಯಲ್ಲ ಚಿಕ್ಕಮ್ಮ’ ಎಂದ. ಬೀಪಿನ ಮೇಲೆ ನನಗೆ ಹೆಚ್ಚಿನ ನಂಬಿಕೆಯಿಲ್ಲ. ಬಹಳಷ್ಟು ಮೀಟರುಗಳು ಹತ್ತಿಪ್ಪತ್ತು ಓಮ್ ಇದ್ದರೂ ಸಂತೋಷವಾಗಿ ಕೂಗುತ್ತವೆ, ಮೇಲಾಗಿ ಆ ಪರೀಕ್ಷೆಯಲ್ಲಿ ತಂತಿಯ ಮೂಲಕ ಹರಿಯುವ ಕರೆಂಟು ತೀರ ಅಲ್ಪ. ಭಾರ ಹೊತ್ತಿರುವಾಗಲೇ ಅಳೆಯಬೇಕು. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿಯನ್ನು ಉನೊದ ಗ್ರೌಂಡ್ ಪಿನ್ನಿಗೂ ಇನ್ನೊಂದನ್ನು ಟ್ರಾನ್ಸಿಸ್ಟರಿನ ಎಮಿಟರಿಗೂ ಹಿಡಿಸಿದೆ. ಎರಡೂ ಒಂದೇ ಗ್ರೌಂಡ್, ಆದ್ದರಿಂದ ಸೊನ್ನೆಗೆ ಹತ್ತಿರವಿರಬೇಕು. ರಿಲೇ ಬಿಟ್ಟಾಗ 0.12 ವೋಲ್ಟ್, ಹಿಡಿದಾಗ 0.54. ವ್ಯತ್ಯಾಸವಾದ 0.42 ವೋಲ್ಟನ್ನು 0.07 ಆಂಪಿಯರಿನಿಂದ ಭಾಗಿಸು ಎಂದೆ. 6 ಓಮ್ ಬಂತು, ಬರೀ ತಂತಿಯಲ್ಲಿ ಇರಬಾರದಷ್ಟು ತಡೆ. 5 ವೋಲ್ಟಿನ ಕೆಂಪು ಸಾಲಿನ ಕಡೆಗೂ ಹೀಗೆಯೇ ಅಳೆದಾಗ ಸ್ವಲ್ಪ ಕಡಿಮೆ, ಆದರೆ ಅದೇ ಜಾತಿಯ ಉತ್ತರ.

ಒಂದು ಕಡ್ಡಿಯನ್ನು ಅಲ್ಲೇ ಬಿಟ್ಟು ಇನ್ನೊಂದನ್ನು ಹೆಜ್ಜೆಹೆಜ್ಜೆಯಾಗಿ ಮುಂದೆ ಸರಿಸುತ್ತ ಹೋದಾಗ ಬ್ರೆಡ್‌ಬೋರ್ಡಿನ ನಡುಮಧ್ಯದಲ್ಲಿ ವೋಲ್ಟೇಜು ಜಿಗಿಯಿತು. ಈ ಬೋರ್ಡಿನಲ್ಲಿ ಅಂಚಿನ ವಿದ್ಯುತ್ ಸಾಲುಗಳು ಮಧ್ಯದಲ್ಲಿ ತುಂಡಾಗಿರುತ್ತವೆ, ಅದಕ್ಕೇ ಬಣ್ಣದ ಗೆರೆಯೂ ಅಲ್ಲಿ ಕಡಿದಿರುತ್ತದೆ. ಅದನ್ನು ಅವನು ಗಮನಿಸಿ ಸೇತುವೆ ಹಾಕಿಯೇ ಇದ್ದ, ಆದರೆ ಸೇತುವೆಯಾಗಿ ಹಾಕಿದ್ದು ಹಳೆಯ ತೆಳು ಜಂಪರ್ ವೈರುಗಳು. ಒಂದರ ಪ್ಲಾಸ್ಟಿಕ್ ತೊಟ್ಟನ್ನು ಬ್ಲೇಡಿನಿಂದ ಸೀಳಿ ನೋಡಿದರೆ, ಕೂದಲೆಳೆಯಂಥ ನಾಲ್ಕಾರು ಎಳೆಗಳಲ್ಲಿ ಹೆಚ್ಚಿನವು ಪಿನ್ನಿನ ಹಿಡಿತದಿಂದ ಜಾರಿ ಹೊರಗೆ ಬಾಗಿದ್ದವು. ಆ ಜಾಗಕ್ಕೆ ಒಂಟಿ ಎಳೆಯ ಗಟ್ಟಿ ತಾಮ್ರದ ತಂತಿ ಹಾಕಿ, ರಿಲೇಯ ಗ್ರೌಂಡನ್ನು ಪರದೆಯ ಸಾಲಿನಿಂದ ಬಿಡಿಸಿ ನೇರ ಉನೊಗೆ ತಂದೆವು. ಈಗ ರಿಲೇ ಹಿಡಿದರೂ 0.02 ವೋಲ್ಟ್ ದಾಟುವುದಿಲ್ಲ, ಅಕ್ಷರಗಳು ಅಲುಗುವುದಿಲ್ಲ.

ರಿಲೇಯ ಮೇಲೆ 10 ಆಂಪಿಯರ್ ಎಂದು ಅಚ್ಚಾಗಿರುವುದನ್ನು ತೋರಿಸಿ ಮೋಟಾರನ್ನು ನೇರವಾಗಿ ಜೋಡಿಸಬಹುದಲ್ಲವೇ ಎಂದು ಕೇಳಿದ. ಮೋಟಾರು ಎಳೆದುಕೊಳ್ಳುವ ಆರಂಭದ ಕರೆಂಟು ಅದು ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚಿರುವುದರಿಂದ ಅದು ಬೇಡ, ಈ ರಿಲೇ ಸ್ಟಾರ್ಟರಿನ ಕಾಂಟ್ಯಾಕ್ಟರ್ (ದೊಡ್ಡ ಕರೆಂಟಿಗೆಂದೇ ಇರುವ ರಿಲೇ) ಕಾಯಿಲನ್ನು ಮಾತ್ರ ನಡೆಸಲಿ ಎಂದಿದ್ದೇನೆ. ಆ ಜೋಡಣೆಗೆ ಎಲೆಕ್ಟ್ರಿಷಿಯನ್ ಬುಧವಾರ ಬರುತ್ತಾರೆ. ಅಷ್ಟರೊಳಗೆ ಅವನು ಇದನ್ನೆಲ್ಲ ಬ್ರೆಡ್‌ಬೋರ್ಡಿನಿಂದ ತೆಗೆದು ಸೋಲ್ಡರ್ ಮಾಡಿ ಮುಗಿಸಬೇಕು.